ಹಳೆಯ ಬಾಟಲಿಗೆ ಸುರಿದ ಔಷಧಿ

ಅವ್ವ ತನ್ನ ಕಿಡ್ನಿಯನ್ನು ನನ್ನ ತಂಗಿಗೆ ಕೊಟ್ಟಾಗ ತಂಗಿಗೆ ಇಪ್ಪತ್ಮೂರು ವರ್ಷ, ನನಗೆ ಇಪ್ಪತ್ತೇಳು. ಆ ಕಿಡ್ನಿ ಮೂರು ವರ್ಷ ಚೆನ್ನಾಗಿ ಕೆಲಸ ಮಾಡಿತು. ಆಮೇಲೆ ಅದು ಹಾಳಾದದ್ದು ನನ್ನಿಂದ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕೊನೆಗೆ ಹೇಳೋಣ ಎಂದು ಇಟ್ಟುಕೊಂಡರೆ ನಾನು ಹೇಳದೇ ಹೋಗುವವನು.

ಅಪ್ಪ, ಅವ್ವ ಯಾದಗಿರಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರು. ಅಪ್ಪ ಬೇಗ ತೀರಿಕೊಂಡರು. ಮರ್ಫಿ ಟೌನಿನ ಒಂದೇ ಕೋಣೆಯ ಬಾಡಿಗೆ ಮನೆಯಲ್ಲಿ ನಾವು ಮೂವರು ಉಳಿದೆವು. ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಶಿವಾಜಿನಗರದ ಒಂದು ಆಯಿಲ್ ಅಂಗಡಿಗೆ ಸೇರಿಕೊಂಡೆ. ತಂಗಿ ಪಿಯುಸಿ ಮುಗಿಸಿದಳು, ಟೈಪಿಂಗ್ ಕಲಿತಳು, ಹಲಸೂರಿನ ಒಂದು ಜಾಬ್ ಟೈಪಿಂಗ್ ಅಂಗಡಿಯಲ್ಲಿ ಬಾಡಿಗೆ ಕರಾರು, ಅರ್ಜಿ, ಅಫಿಡವಿಟ್ಟು ಹೊಡೆಯುತ್ತ ಕೂರುತ್ತಿದ್ದಳು. ಮನೆಗೆ ಯಾವ ಕಾಗದ ಬಂದರೂ ಅವಳೇ ಓದಿ ಅರ್ಥ ಹೇಳಬೇಕು.

ನನ್ನ ಕೆಲಸ ಏನಿತ್ತೆಂದು ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ಅಂಗಡಿಯಲ್ಲಿ ಗಾಡಿಗಳಿಗೆ ಹಾಕುವ ಎಂಜಿನ್ ಆಯಿಲ್ ಮಾರುತ್ತಿದ್ದೆವು. ಹಿಂದಿನ ಕೋಣೆಯಲ್ಲಿ ಡ್ರಮ್ಮುಗಳಲ್ಲಿ ಹೆಸರಿಲ್ಲದ ಲೂಸ್ ಆಯಿಲ್ ಇರುತ್ತಿತ್ತು. ಗ್ಯಾರೇಜಿನವರು ಕಂಪನಿಯ ಖಾಲಿ ಡಬ್ಬಗಳನ್ನು ಬಿಸಾಡದೆ ಕೂಡಿಟ್ಟು ನಮಗೇ ತಂದು ಮಾರುತ್ತಿದ್ದರು. ನಾನು ಅವನ್ನು ಸೀಮೆಎಣ್ಣೆ ಬಟ್ಟೆಯಿಂದ ಒರೆಸಿ, ಲೂಸ್ ಆಯಿಲ್ ತುಂಬಿ, ಮುಚ್ಚಳಕ್ಕೆ ಹೊಸ ಸೀಲು ಕೂರಿಸಿ, ಮುಂದಿನ ಕಪಾಟಿನಲ್ಲಿ ಜೋಡಿಸುತ್ತಿದ್ದೆ. ಕೈ ಅಷ್ಟು ಪಳಗಿತ್ತೆಂದರೆ, ಸಂಜೆ ಹೊತ್ತಿಗೆ ಯಾವುದು ಕಂಪನಿಯದು, ಯಾವುದು ನನ್ನದು ಎಂದು ನನಗೇ ಗೊತ್ತಾಗುತ್ತಿರಲಿಲ್ಲ. "ಜನ ಡಬ್ಬ ನೋಡಿ ತಗೋತಾರೆ ಗುರು, ಆಯಿಲ್ ನೋಡಿ ಅಲ್ಲ" ಎನ್ನುತ್ತಿದ್ದರು ಯಜಮಾನರು. ನನಗೂ ಹಾಗೇ ಅನಿಸುತ್ತಿತ್ತು. ಹಾಕಿಸಿಕೊಂಡವರ ಗಾಡಿ ಓಡುತ್ತಿತ್ತಲ್ಲ.

ತಂಗಿಗೆ ಇದೆಲ್ಲ ಗೊತ್ತಿತ್ತು. ನಾನು ಮನೆಗೆ ಪೌಡರ್ ತಂದರೂ, ಶಾಂಪೂ ತಂದರೂ ಮೂಗಿನ ಹತ್ತಿರ ಹಿಡಿದು, "ಇದು ಒರಿಜಿನಲ್ಲಾ ಅಣ್ಣ, ಇಲ್ಲ ನಿನ್ನ ಕೈಗುಣಾನಾ?" ಎಂದು ಕೇಳುತ್ತಿದ್ದಳು. ಅವ್ವ ನಗುತ್ತಿದ್ದಳು. ನಾನೂ ನಗುತ್ತಿದ್ದೆ.

ಕಿಡ್ನಿ ಹಾಕಿದ ಮೇಲೆ ಅವಳಿಗೆ ಒಂದು ಔಷಧಿ ಬರೆದುಕೊಟ್ಟರು. ಸಣ್ಣ ಕಂದು ಬಾಟಲಿ, ಒಳಗೆ ಹಳದಿ ಬಣ್ಣದ ಜಿಡ್ಡಿನ ದ್ರವ. ಸೂಜಿಯಿಲ್ಲದ ಸಿರಿಂಜಿನಲ್ಲಿ ಗೆರೆ ನೋಡಿ ಎಳೆದು, ಗಾಜಿನ ಲೋಟದಲ್ಲಿ ಹಾಲಿಗೆ ಬೆರೆಸಿ, ಕೂಡಲೇ ಕುಡಿಯಬೇಕು. ಬೆಳಿಗ್ಗೆ ಎಂಟಕ್ಕೆ ಒಮ್ಮೆ, ಸಂಜೆ ಎಂಟಕ್ಕೆ ಒಮ್ಮೆ. ಕಿಡ್ನಿ ಇರುವಷ್ಟು ದಿನ. "ಇದು ಬೇರೆಯವರದು ಅಂತ ಮೈಗೆ ಗೊತ್ತಾಗತ್ತೆ, ಜಗಳಕ್ಕೆ ನಿಲ್ಲತ್ತೆ. ಆ ಜಗಳ ಆಗದ ಹಾಗೆ ಈ ಔಷಧಿ ತಡೀತದೆ" ಎಂದು ಕಿಡ್ನಿ ಡಾಕ್ಟರ್ ಮೇಡಂ ಅವ್ವನಿಗೆ ವಿವರಿಸಿದ್ದರು. ಅವ್ವ, "ನಂದು ಆಕಿಗೆ ಬ್ಯಾರೆಯವರದು ಹ್ಯಾಂಗಾತದ?" ಎಂದು ಕೇಳಿದ್ದಳು. ಮೇಡಂ ನಕ್ಕು ಅವ್ವನ ಕೈ ಹಿಡಿದುಕೊಂಡಿದ್ದರು.

ನಮ್ಮ ಮನೆಯಲ್ಲಿ ಇದ್ದದ್ದೆಲ್ಲ ಸ್ಟೀಲ್ ಲೋಟ. ಆ ಔಷಧಿಗೆಂದೇ ಒಂದು ಗಾಜಿನ ಲೋಟ ತಂದೆವು. ತಂಗಿ ಅಪ್ಪನ ಹಳೆಯ ಕೈಗಡಿಯಾರವನ್ನು ಗೋಡೆಯ ಮೊಳೆಗೆ ತೂಗುಹಾಕಿ, ಎಂಟು ಹೊಡೆಯುವುದಕ್ಕೆ ಐದು ನಿಮಿಷ ಮೊದಲೇ ಹಾಲು ಆರಿಸಿಟ್ಟುಕೊಂಡು ಕೂರುತ್ತಿದ್ದಳು. ಟೈಪಿಂಗ್ ಅಂಗಡಿಯಲ್ಲಿ ಎಷ್ಟೇ ಕೆಲಸ ಇರಲಿ, ಏಳೂವರೆಗೆ ಎದ್ದುಬಿಡುತ್ತಿದ್ದಳು. ಮೂರು ವರ್ಷದಲ್ಲಿ ಅವಳು ಒಂದು ಹೊತ್ತು ತಪ್ಪಿಸಿದ್ದನ್ನು ನಾನು ನೋಡಿಲ್ಲ.

ಔಷಧಿ ಪರದೇಶದ ಕಂಪನಿಯದು. ನನ್ನ ಸಂಬಳ, ಅವಳ ಸಂಬಳ ಎರಡೂ ಸೇರಿ ಹೆಚ್ಚುಕಡಿಮೆ ಅದಕ್ಕೇ ಹೋಗುತ್ತಿತ್ತು. ಅವ್ವ ಇಂದಿರಾನಗರದ ಎರಡು ಮನೆಗಳಲ್ಲಿ ಪಾತ್ರೆ ತೊಳೆದು ತಂದದ್ದರಲ್ಲಿ ಊಟ.

ಮೂರನೇ ವರ್ಷ, ತಪಾಸಣೆಗೆ ಹೋದಾಗ ಮೇಡಂ ಹೇಳಿದರು: "ಈಗ ಇದೇ ಔಷಧೀನ ನಮ್ಮ ದೇಶದ ಕಂಪನಿಯವರೂ ಮಾಡ್ತಿದ್ದಾರೆ. ಬೆಲೆ ಅರ್ಧಕ್ಕಿಂತ ಕಮ್ಮಿ. ಬೇಕಾದ್ರೆ ಬದಲಾಯಿಸೋಣ. ಆದ್ರೆ ಒಂದು ಮಾತು. ನಂಗೆ ಹೇಳ್ದೆ ಬದಲಾಯಿಸ್ಬೇಡಿ. ಒಂದು ಕಂಪನೀದು ಮೈಗೆ ಹತ್ತಿದ ಹಾಗೆ ಇನ್ನೊಂದು ಹತ್ತಲ್ಲ. ಮೊದಲ ತಿಂಗಳು ವಾರವಾರ ರಕ್ತ ನೋಡಿ, ಎಷ್ಟು ಕೊಡ್ಬೇಕು ಅಂತ ನಾನು ಹೇಳ್ತೀನಿ."

ಹೊರಗೆ ಬೆಂಚಿನಲ್ಲಿ ಕೂತಿದ್ದ ಬಾಣಸವಾಡಿಯ ಒಬ್ಬರು, ಅವರಿಗೂ ಕಿಡ್ನಿ ಹಾಕಿತ್ತು, ಆಗಲೇ ಬದಲಾಯಿಸಿಕೊಂಡಿದ್ದರು. "ನಾಲ್ಕು ಸಲ ರಕ್ತ ಕೊಟ್ಟೆ ಕಣಮ್ಮ. ಔಷಧಿ ಸ್ವಲ್ಪ ಜಾಸ್ತಿ ಮಾಡಿದ್ರು. ಈಗ ಆರಾಮಿದ್ದೀನಿ. ಮಗಳ ಸ್ಕೂಲ್ ಫೀಸ್ ಕಟ್ಟೋ ಹಂಗಾಯ್ತು" ಎಂದರು. ತಂಗಿ ತಲೆಯಾಡಿಸಿದಳು.

ಬಸ್ಸಿನಲ್ಲಿ ನಾನು ಮಾತು ತೆಗೆದೆ. "ಅಗ್ಗದ್ದು ತಗೊಳ್ಳೋಣ ಕಣೆ. ಮೇಡಂ ಅವ್ರೇ ಹೇಳಿದ್ರಲ್ಲ."

"ಬೇಡ ಅಣ್ಣ."

"ಯಾಕೆ?"

"ಅದೇ ಹೆಸರು, ಅದೇ ಬಣ್ಣ, ಅರ್ಧ ರೇಟು. ನಿಮ್ಮ ಅಂಗಡೀಲಿ ಅದಕ್ಕೆ ಏನಂತಾರೆ?"

"ಏಯ್, ಆಯಿಲ್ ಬೇರೆ, ಔಷಧಿ ಬೇರೆ."

"ನೀನು ಆಯಿಲ್ ತುಂಬೋ ಹಂಗೆ ಅಲ್ಲೂ ಒಬ್ಬ ಅಣ್ಣ ಕೂತು ತುಂಬ್ತಿರ್ತಾನೆ" ಎಂದಳು. ನಗುತ್ತಲೇ ಅಂದದ್ದು, ಆದರೆ ಕಣ್ಣಿನಲ್ಲಿ ಹೆದರಿಕೆ ಇತ್ತು. "ಬೇರೆ ಏನಾದ್ರೂ ಕಮ್ಮಿ ಮಾಡೋಣ. ಇದೊಂದು ಬೇಡ. ಇದು ಅವ್ವನ್ದು."

ಅವಳಿಗೆ ಆ ಹೆದರಿಕೆ ಕಲಿಸಿದ್ದು ಮೇಡಂ ಅಲ್ಲ, ಔಷಧಿ ಅಂಗಡಿಯವನಲ್ಲ. ನಾನು.

ಆ ವರ್ಷವೇ ಕೆ.ಆರ್. ಪುರದಲ್ಲಿ, ಹಳೆ ಮದ್ರಾಸ್ ರಸ್ತೆಗೆ ಮುಖ ಮಾಡಿದ ಒಂದು ಸಣ್ಣ ಮಳಿಗೆ ಖಾಲಿಯಾಯಿತು. ಲಾರಿಗಳು ನಿಲ್ಲುವ ಜಾಗ. ಆಯಿಲ್ ಅಂಗಡಿಗೆ ಅದಕ್ಕಿಂತ ಒಳ್ಳೆಯ ಜಾಗ ಸಿಗದು. ಅಡ್ವಾನ್ಸ್ ಕೊಟ್ಟರೆ ನನಗೇ ಬಿಡುತ್ತೇನೆಂದು ಮಾಲೀಕರು ಒಪ್ಪಿದರು. ಹದಿನಾರು ಹದಿನೇಳು ವರ್ಷ ಇನ್ನೊಬ್ಬರ ಡಬ್ಬ ತುಂಬಿದವನಿಗೆ ಸ್ವಂತ ಅಂಗಡಿಯ ಆಸೆ ಹಿಡಿಯಿತು. ತಂಗಿಗೆ ಒಳ್ಳೆಯದಾಗಲೆಂದೇ ಅಂಗಡಿ ಎಂದು ನನಗೆ ನಾನೇ ಹೇಳಿಕೊಂಡೆ. ಅದು ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ನನ್ನ ಹೆಸರಿನ ಬೋರ್ಡು ನೋಡಬೇಕಿತ್ತು ನನಗೆ.

ಔಷಧಿ ಯಾವಾಗಲೂ ತರುತ್ತಿದ್ದವನು ನಾನೇ. ಶಿವಾಜಿನಗರದಲ್ಲಿ ನಮ್ಮ ಅಂಗಡಿಯಿಂದ ಎರಡು ಗಲ್ಲಿ ಆಚೆ ಒಂದು ಮೆಡಿಕಲ್ ಸ್ಟೋರ್. ಅಲ್ಲಿನ ಭಾಯಿ ವಯಸ್ಸಾದವರು. ಆ ದಿನ ನಾನು ನಮ್ಮ ದೇಶದ ಕಂಪನಿಯ ಬಾಟಲಿ ಕೇಳಿದೆ. ಅವರು ತೆಗೆದುಕೊಟ್ಟರು. ನಾನು ಅದನ್ನು ಬೆಳಕಿಗೆ ಹಿಡಿದು ನೋಡಿದೆ, ಆಯಿಲ್ ನೋಡುವ ಹಾಗೆ.

"ಡೂಪ್ಲಿಕೇಟ್ ಅಲ್ಲ ಅಲ್ವಾ ಭಾಯಿ?"

ಅವರಿಗೆ ಸಿಟ್ಟು ಬಂತು. "ಕ್ಯಾ ಮಿಯಾ, ನಿಮ್ದು ಆಯಿಲ್ ಅಂಗಡಿ ಅಂದ್ಕೊಂಡ್ರಾ? ಅಸಲಿ ಮಾಲ್ ಇದು. ಬಿರಿಯಾನಿ ಒಂದೇ, ಮನೆ ಬೇರೆ. ಮಸಾಲೆ ಸ್ವಲ್ಪ ಹೆಚ್ಚುಕಮ್ಮಿ ಇರತ್ತೆ, ಅದಕ್ಕೇ ಡಾಕ್ಟರ್‌ಗೆ ಹೇಳಿ ತಗೋಬೇಕು. ಹೇಳಿದ್ದೀರಾ?"

"ಹೇಳಿದ್ದೀನಿ" ಎಂದೆ.

ಭಾನುವಾರ ಮಧ್ಯಾಹ್ನ. ಅವ್ವ, ತಂಗಿ ಇಬ್ಬರೂ ಪಕ್ಕದ ಬೀದಿಯಲ್ಲಿ ಸೀಮಂತಕ್ಕೆ ಹೋಗಿದ್ದರು. ಹಳೆಯ ಕಂಪನಿಯ ಖಾಲಿ ಬಾಟಲಿಗಳನ್ನು ಅವಳು ತೊಳೆದು ಕಿಟಕಿಯ ಮೇಲೆ ಸಾಲಾಗಿ ಇಟ್ಟಿದ್ದಳು. ಒಂದನ್ನು ತೆಗೆದುಕೊಂಡು ಹೊಸ ಔಷಧಿ ಸುರಿದೆ. ಒಂದು ಹನಿ ಹೊರಗೆ ಬೀಳಲಿಲ್ಲ. ಅಂಚು ಒರೆಸಿದೆ. ರಬ್ಬರಿನ ಬಿರಡೆ ಒತ್ತಿ, ಮುಚ್ಚಳದ ಸುತ್ತ ತೆಳ್ಳಗೆ ಅಂಟು ಎಳೆದು ಒಣಗಲು ಬಿಟ್ಟೆ. ಹಳೆಯ ರಟ್ಟಿನ ಡಬ್ಬಿಯಲ್ಲಿ ಕೂರಿಸಿದೆ. ಇಪ್ಪತ್ತು ನಿಮಿಷದ ಕೆಲಸ. ನಿಜ ಹೇಳಬೇಕೆಂದರೆ, ಕೆಲಸ ಚೆನ್ನಾಗಿ ಬಂತೆಂದು ನನಗೆ ಆಗ ಸಮಾಧಾನವೇ ಆಯಿತು. ಅವಳ ಹೆದರಿಕೆಯೂ ತಪ್ಪಿತು, ಖರ್ಚೂ ತಪ್ಪಿತು ಎಂದುಕೊಂಡೆ. ಮೇಡಂಗೆ ಹೇಳಿದರೆ ತಂಗಿಗೂ ಗೊತ್ತಾಗುತ್ತಿತ್ತು. ಆದ್ದರಿಂದ ಮೇಡಂಗೂ ಹೇಳಲಿಲ್ಲ. ರಕ್ತದಲ್ಲಿ ಔಷಧಿ ಎಷ್ಟಿದೆಯೆಂದು ನೋಡುವ ಪರೀಕ್ಷೆ ಆಗಷ್ಟೇ ಆಗಿತ್ತು. ಇನ್ನೊಂದು ಆರು ತಿಂಗಳಿಗೆ.

ಹೊಸ ಬಾಟಲಿಯ ಮೊದಲ ಸಂಜೆ ಅವಳು ಸಿರಿಂಜು ಎಳೆದು ಮೂಗಿನ ಹತ್ತಿರ ಹಿಡಿದಳು.

"ವಾಸನೆ ಬೇರೆ ಇದೆಯಲ್ಲ ಅಣ್ಣ."

"ಹೊಸ ಬ್ಯಾಚಂತೆ. ಭಾಯಿ ಹೇಳಿದ್ರು."

"ಹೌದಾ?" ನನ್ನ ಮುಖ ನೋಡಿದಳು. ನಾನು ತಟ್ಟೆಯ ಅನ್ನ ಕಲಸುತ್ತಿದ್ದೆ. ಅವಳು ಹಾಲಿಗೆ ಬೆರೆಸಿ ಕುಡಿದಳು. ಆಮೇಲೆ ಮತ್ತೆ ಕೇಳಲಿಲ್ಲ. ಬಾಟಲಿಯ ಮೇಲೆ ಹೆಸರು ಸರಿಯಾಗಿತ್ತು. ನನ್ನ ಮಾತಿಗಿಂತ ಅವಳು ಆ ಹೆಸರನ್ನು ನಂಬಿದಳು.

ಆಮೇಲಿನ ಬಾಟಲಿಗಳನ್ನೂ ಅವರಿಬ್ಬರೂ ಮನೆಯಲ್ಲಿಲ್ಲದ ಹೊತ್ತು ನೋಡಿ ಹಾಗೇ ತುಂಬಿದೆ. ಉಳಿದ ದುಡ್ಡು ಕೂಡಿಸಿ ಕೆ.ಆರ್. ಪುರದ ಮಳಿಗೆಗೆ ಅಡ್ವಾನ್ಸ್ ಕೊಟ್ಟೆ. ಬೋರ್ಡು ಬರೆಸಿದೆ.

ಮೂರನೇ ತಿಂಗಳು ಅವಳ ಪಾದ ಊದಿಕೊಂಡಿತು. ಚಪ್ಪಲಿಯ ಪಟ್ಟಿ ಹಾಕಲು ಬರುತ್ತಿಲ್ಲ ಎಂದಳು. ಎರಡು ದಿನಕ್ಕೆ ಮುಖ ಊದಿತು, ಜ್ವರ ಬಂತು. ಆಟೋದಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ರಕ್ತ ತೆಗೆದರು. ಮರುದಿನ ಮೇಡಂ ಬಂದರು. ಅಷ್ಟು ವರ್ಷದಲ್ಲಿ ಅವರನ್ನು ನಾನು ಹಾಗೆ ನೋಡಿರಲಿಲ್ಲ.

"ರಕ್ತದಲ್ಲಿ ಔಷಧಿ ಇರೋದೇ ಇಷ್ಟೇ ಇಷ್ಟು. ಎಷ್ಟು ದಿನದಿಂದ ತಪ್ಪಿಸ್ತಿದ್ದೀಯ?"

"ತಪ್ಸಿಲ್ಲ ಮೇಡಂ" ಎಂದಳು ತಂಗಿ.

"ನನ್ನ ಹತ್ರ ಸುಳ್ಳು ಹೇಳ್ಬೇಡಮ್ಮ. ಸಿಟ್ಟಿಗೆ ಕೇಳ್ತಿಲ್ಲ ನಾನು. ಗೊತ್ತಾದ್ರೆ ಏನಾದ್ರೂ ಮಾಡಬಹುದು."

"ದೇವ್ರಾಣೆ ಮೇಡಂ. ಒಂದು ಹೊತ್ತೂ ತಪ್ಸಿಲ್ಲ. ಅಣ್ಣನ್ನ ಕೇಳಿ. ಅವ್ವನ್ನ ಕೇಳಿ."

ಮೇಡಂ ಬಾಟಲಿ ಕೇಳಿದರು. ಅವ್ವ ಚೀಲದಿಂದ ತೆಗೆದುಕೊಟ್ಟಳು. ಅವರು ತಿರುಗಿಸಿ ಹೆಸರು ಓದಿದರು, ತಾರೀಖು ನೋಡಿದರು, ಕೆಳಗಿಟ್ಟರು. ಆಮೇಲೆ ನನ್ನ ಕಡೆ ತಿರುಗಿದರು.

"ಕಂಪನಿ ಏನಾದ್ರೂ ಬದಲಾಯಿಸಿದ್ರಾ? ಮಧ್ಯದಲ್ಲಿ ಬೇರೇದು ಏನಾದ್ರೂ ತಂದ್ರಾ?"

ತಂಗಿ ನನ್ನನ್ನು ನೋಡುತ್ತಿದ್ದಳು. ಅವ್ವ ನೋಡುತ್ತಿದ್ದಳು. ಬಾಟಲಿ ಮೇಜಿನ ಮೇಲಿತ್ತು.

"ಇಲ್ಲ ಮೇಡಂ" ಎಂದೆ. "ಅದೇ. ಯಾವಾಗ್ಲೂ ಅದೇ."

ಮೇಡಂ ಫೈಲಿನಲ್ಲಿ ಒಂದು ಸಾಲು ಬರೆದರು. ಇಂಗ್ಲಿಷಿನಲ್ಲಿ. ನನಗೆ ಓದಲು ಬರಲಿಲ್ಲ. ತಂಗಿಗೆ ಬಂತು. ತಲೆಕೆಳಗಾಗಿ ಕಾಣುತ್ತಿದ್ದ ಅಕ್ಷರಗಳನ್ನೇ ಓದಿ ಬಾಯಿ ಮುಚ್ಚಿಕೊಂಡಳು. ರೋಗಿ ಔಷಧಿ ಸರಿಯಾಗಿ ತೆಗೆದುಕೊಂಡಿಲ್ಲ, ಎಂದಿತ್ತು ಅದರಲ್ಲಿ.

ಆ ಸಂಜೆಯೇ ಓಡಿಹೋಗಿ ಒರಿಜಿನಲ್ ಬಾಟಲಿ ತಂದೆ. ಇದ್ದದ್ದನ್ನು ಆಸ್ಪತ್ರೆಯ ಮೋರಿಗೆ ಚೆಲ್ಲಿದೆ. ಇಂಜೆಕ್ಷನ್ನುಗಳನ್ನು ಕೊಟ್ಟರು, ಐದು ದಿನ. ಕಿಡ್ನಿ ತಿರುಗಿ ಏಳಲಿಲ್ಲ.

ಅವ್ವ ಅವಳ ಮಂಚದ ಪಕ್ಕ ನಿಂತು, ವಾರ್ಡಿನವರೆಲ್ಲ ಕೇಳುವ ಹಾಗೆ ಬೈದಳು. "ಹೊಟ್ಟಿ ಕೊಯ್ಸಿಕೊಂಡು ಕೊಟ್ಟೀನಿ ನಿನಗ. ಎರಡು ಹೊತ್ತು ಒಂದ್ ಗುಟುಕು ಹಾಲು ಕುಡಿಲಾಕ ಏನಾಗಿತ್ತ ನಿನಗ? ಯಾರ ಮ್ಯಾಲ ಸಿಟ್ಟು ತೀರಿಸ್ಕೊಂಡಿ?" ತಂಗಿ ಗೋಡೆ ಕಡೆ ತಿರುಗಿ ಮಲಗಿದ್ದಳು. ನರ್ಸ್ ಒಬ್ಬರು, "ಹೋಗ್ಲಿ ಬಿಡಮ್ಮ, ಹುಡುಗ್ರು ಬೇಸತ್ತು ಬಿಟ್ಬಿಡ್ತಾರೆ" ಎಂದರು. ನಾನು ಬಾಗಿಲ ಬಳಿ ಫ್ಲಾಸ್ಕ್ ಹಿಡಿದುಕೊಂಡು ನಿಂತಿದ್ದೆ.

ಆಮೇಲೆ ಡಯಾಲಿಸಿಸ್. ವಾರಕ್ಕೆ ಎರಡು ಸಲ. ಟೈಪಿಂಗ್ ಕೆಲಸ ಬಿಟ್ಟಳು. ಒಂದು ತಿಂಗಳು ನೋಡಿ ನಾನು ಮೇಡಂ ಹತ್ತಿರ ಹೋದೆ. ನನ್ನ ಕಿಡ್ನಿ ತೆಗೆದುಕೊಳ್ಳಿ ಎಂದೆ. ರಕ್ತದ ಗುಂಪು ಹೊಂದಿತು, ಮಿಕ್ಕ ಪರೀಕ್ಷೆಗಳೂ ಸರಿಹೋದವು. ಮೇಡಂ ಫೈಲು ಮುಂದಿಟ್ಟುಕೊಂಡು ಆ ಸಾಲಿನ ಮೇಲೆ ಬೆರಳಿಟ್ಟರು.

"ನಿಮ್ಮ ಮನಸ್ಸು ದೊಡ್ಡದಪ್ಪ. ಆದ್ರೆ ತಾಯೀದು ಹೀಗೆ ಹಾಳು ಮಾಡ್ಕೊಂಡಿದ್ದಾಳೆ. ನಿಮ್ಮದನ್ನೂ ಹಾಳು ಮಾಡ್ಕೊಂಡ್ರೆ? ಆರು ತಿಂಗಳು ನೋಡೋಣ. ಡಯಾಲಿಸಿಸ್‌ಗೆ ಸರಿಯಾಗಿ ಬರಲಿ, ಮಾತ್ರೆ ತಪ್ಪಿಸದೇ ಇರಲಿ. ನಂಬಿಕೆ ಬಂದ ಮೇಲೆ ಕೂತು ಮಾತಾಡೋಣ."

ಅವಳು ತಪ್ಪಿಸಿಲ್ಲ ಮೇಡಂ, ನಾನು ಬದಲಾಯಿಸಿದೆ. ಇಷ್ಟೇ ಹೇಳಬೇಕಿದ್ದದ್ದು. ಕುರ್ಚಿಯಲ್ಲಿ ಅವರ ಎದುರಿಗೇ ಕೂತಿದ್ದೆ. ಕಿಡ್ನಿ ಕೊಡುವುದಕ್ಕೆ ಹೆದರದವನು ಈ ಮಾತಿಗೆ ಹೆದರಿದೆ. ಪೊಲೀಸಿಗೆ ಹೇಳುತ್ತಾರೇನೋ, ಅವ್ವ ಏನನ್ನುತ್ತಾಳೋ, ತಂಗಿ ಮತ್ತೆ ನನ್ನ ಕೈಯಿಂದ ಏನನ್ನಾದರೂ ತೆಗೆದುಕೊಳ್ಳುತ್ತಾಳೋ ಇಲ್ಲವೋ. ಎಲ್ಲವನ್ನೂ ಯೋಚಿಸಿದೆ. ಆರು ತಿಂಗಳು ತಾನೆ, ಕಿಡ್ನಿ ಕೊಟ್ಟುಬಿಟ್ಟರೆ ಲೆಕ್ಕ ಸರಿಹೋಗುತ್ತದೆ ಎಂದುಕೊಂಡು, "ಆಯ್ತು ಮೇಡಂ" ಎಂದು ಎದ್ದು ಬಂದೆ.

ಒಂದು ಬೆಳಿಗ್ಗೆ ಡಯಾಲಿಸಿಸ್ ಮುಗಿಸಿ ಬರುವಾಗ, ಹಲಸೂರು ಕೆರೆಯ ಹತ್ತಿರ ಆಟೋ ಸಿಗ್ನಲ್‌ಗೆ ನಿಂತಿತ್ತು. ತಂಗಿ ತಲೆಯನ್ನು ನನ್ನ ಭುಜಕ್ಕೆ ಒರಗಿಸಿಕೊಂಡಿದ್ದಳು.

"ಅಣ್ಣ, ನೀನಾದ್ರೂ ನಂಬ್ತೀಯಾ? ನಾನು ಎಲ್ಲಾ ಹೊತ್ತೂ ಕುಡಿದಿದ್ದೀನಿ."

"ನಂಬ್ತೀನಿ."

"ಸುಮ್ನೆ ಸಮಾಧಾನಕ್ಕೆ ಹೇಳ್ಬೇಡ."

"ಇಲ್ಲ ಕಣೆ. ನಂಬ್ತೀನಿ."

"ಮತ್ತೆ ರಕ್ತದಲ್ಲಿ ಯಾಕಿರ್ಲಿಲ್ಲ? ನಂಗೇ ಅನುಮಾನ ಬರ್ತಿದೆ. ನಿದ್ದೆಗಣ್ಣಲ್ಲಿ ಮರೆತಿದ್ನಾ, ಹಾಲಿಗೆ ಹಾಕೋದನ್ನೇ ಬಿಟ್ಟಿದ್ನಾ ಅಂತ. ಕೂತು ಕೂತು ಯೋಚ್ನೆ ಮಾಡ್ತೀನಿ. ನೆನಪೇ ಆಗಲ್ಲ."

ಸಿಗ್ನಲ್ ಬಿಟ್ಟಿತು. ನಾನು ಅವಳ ತಲೆ ಸವರಿದೆ. ಬೇರೇನೂ ಮಾಡಲಿಲ್ಲ.

ಆರನೇ ತಿಂಗಳಲ್ಲಿ ಡಯಾಲಿಸಿಸ್‌ಗೆಂದು ಕತ್ತಿನಲ್ಲಿ ಹಾಕಿದ್ದ ಕೊಳವೆಯಿಂದ ಸೋಂಕು ಹತ್ತಿ, ನಾಲ್ಕೇ ದಿನದಲ್ಲಿ ಹೋದಳು. ಮೇಡಂ ಹೇಳಿದ್ದ ಆರು ತಿಂಗಳು ತುಂಬಲು ಹದಿನೆಂಟು ದಿನ ಇತ್ತು.

ಅಗ್ಗದ ಔಷಧಿಯ ಮೇಲೆ ನಾನು ತಪ್ಪು ಹೊರಿಸುತ್ತಿಲ್ಲ. ಬಾಣಸವಾಡಿಯವರು ಅದನ್ನೇ ಕುಡಿದು ಇವತ್ತಿಗೂ ಇದ್ದಾರೆ. ಮಗಳ ಮದುವೆಗೆ ಕರೆದಿದ್ದರು. ಪರದೇಶದ ಕಂಪನಿಯ ಔಷಧಿಯನ್ನು ನಮ್ಮವರು ತಮ್ಮ ರೀತಿಯಲ್ಲಿ ತಯಾರಿಸಲು ಆಗ ನಮ್ಮ ಕಾನೂನು ಬಿಡುತ್ತಿತ್ತೆಂದು ನನಗೆ ತಿಳಿದದ್ದು ಎಷ್ಟೋ ವರ್ಷದ ಮೇಲೆ, ಆ ಕಾನೂನು ಬದಲಾಗುತ್ತಿದೆ ಎಂದು ಪತ್ರಿಕೆಯಲ್ಲಿ ಬಂದಾಗ. ಇನ್ನು ಬಡವರಿಗೆ ಏನು ಗತಿ ಎಂದು ಒಬ್ಬರು ಬರೆದಿದ್ದರು. ಅಂಗಡಿಯಲ್ಲಿ ಕೂತು ಒಂದೊಂದೇ ಅಕ್ಷರ ಕೂಡಿಸಿಕೊಂಡು ಓದಿದೆ. ನಮ್ಮ ಮನೆಯ ಬಾಗಿಲಿಗೇ ಬಂದಿದ್ದ ಔಷಧಿ ಅದು. ಅದರ ಹೆಸರಿನಲ್ಲೇ ಕೊಟ್ಟಿದ್ದರೆ, ನಾಲ್ಕು ಸಲ ರಕ್ತ ನೋಡಿಸಿದ್ದರೆ ಸಾಕಿತ್ತು.

ಅವಳು ಹೋದ ಮೇಲೆ ಡಬ್ಬ ತುಂಬುವುದನ್ನು ಬಿಟ್ಟೆ. ಅಂಗಡಿ ಬಿಡಲಿಲ್ಲ. ಮದುವೆಯಾದೆ. ಅವ್ವ ನಮ್ಮ ಜೊತೆ ಕೆ.ಆರ್. ಪುರಕ್ಕೆ ಬಂದಳು. ಅವಳ ಪಕ್ಕೆಯಲ್ಲಿ ಉದ್ದಕ್ಕೆ ಹೊಲಿಗೆಯ ಗುರುತು. ಚಳಿಗೆ ಅದು ಸೆಳೆಯುತ್ತದೆ. ಸೆಳೆದಾಗಲೆಲ್ಲ, "ತಾನಾಗೇ ಕಳಕೊಂಡಳು, ನನ್ನದೂ ಕಳದಳು" ಎನ್ನುತ್ತಿದ್ದಳು. ತಂಗಿಯ ಫೋಟೋವನ್ನು ಗೋಡೆಗೆ ಹಾಕಲು ಬಿಟ್ಟಿರಲಿಲ್ಲ. ವರ್ಷದ ದಿನ ಎಡೆ ಇಡುತ್ತಿರಲಿಲ್ಲ.

ಎಂಟನೇ ವರ್ಷ, ಒಂದು ಬೆಳಿಗ್ಗೆ ಅವ್ವ ಜೋಳ ಹಸನು ಮಾಡುತ್ತ ಕೂತಿದ್ದಾಗ ಮತ್ತೆ ಅದೇ ಮಾತು ಬಂತು. ನಾನು ಅವಳೆದುರು ನೆಲದ ಮೇಲೆ ಕೂತು ಎಲ್ಲವನ್ನೂ ಹೇಳಿದೆ. ಬಾಟಲಿ, ಸೀಮಂತದ ದಿನ, ಮೇಡಂ ಕೇಳಿದ್ದು, ನಾನು ಹೇಳಿದ್ದು.

ಮೊರ ಅವಳ ಕೈಯಲ್ಲೇ ಇತ್ತು. "ಹಂಗಾದ್ರ ಆಕಿ ಕುಡದಾಳ?" ಎಂದಳು.

"ಎಲ್ಲಾ ಕುಡಿದಿದ್ದಾಳೆ ಅವ್ವ."

"ಒಂದ್ ಹೊತ್ತೂ ಬಿಟ್ಟಿಲ್ಲ?"

"ಇಲ್ಲ."

ನನ್ನನ್ನು ಹೊಡೆಯುತ್ತಾಳೆ ಎಂದುಕೊಂಡೆ, ಹೊಡೆಯಲಿಲ್ಲ. "ನಾ ವಾರ್ಡಿನಾಗ ನಿಂತು ಅಂದೀನಲ್ಲ ಆಕಿಗೆ" ಎಂದಳು. ಆಮೇಲೆ, "ಆ ಡಾಕ್ಟರಮ್ಮ ಕಾಗದದಾಗ ಬರದಾಳಲ್ಲ, ಅದು ಅಳಿಸಿ ಬಾ. ಅದು ಅಳಿಸೋತನಾ ನನಗ ಅವ್ವ ಅನಬ್ಯಾಡ."

ಮರುದಿನ ಆಸ್ಪತ್ರೆಗೆ ಹೋದೆ. ಮೇಡಂ ಅಲ್ಲಿಂದ ಬಿಟ್ಟುಹೋಗಿ ಎಷ್ಟೋ ವರ್ಷವಾಗಿತ್ತು. ಎಲ್ಲಿದ್ದಾರೆಂದು ಯಾರಿಗೂ ಗೊತ್ತಿಲ್ಲ. ಫೈಲು ಇಡುವ ಕೋಣೆಯ ಕಿಟಕಿಯಲ್ಲಿ ಒಬ್ಬರು ಕೂತಿದ್ದರು. ತಂಗಿಯ ಹೆಸರು, ವರ್ಷ ಹೇಳಿದೆ.

"ಇನ್ಶೂರೆನ್ಸಾ? ಕೋರ್ಟ್ ಕೇಸಾ?"

"ಎರಡೂ ಅಲ್ಲ ಸಾರ್. ಅದರಲ್ಲಿ ಒಂದು ಸಾಲು ತಪ್ಪಾಗಿದೆ. ಸರಿ ಮಾಡಿಸ್ಬೇಕಿತ್ತು."

ಅವರು ಕನ್ನಡಕದ ಮೇಲಿಂದ ನೋಡಿದರು. "ತೀರಿಹೋದವ್ರದ್ದಲ್ವಾ? ಅಷ್ಟು ಹಳೇದು ಇಡಲ್ಲಪ್ಪ. ರದ್ದಿಗೆ ಹೋಗಿರತ್ತೆ. ತಪ್ಪೂ ಹೋಯ್ತು, ಒಪ್ಪೂ ಹೋಯ್ತು. ಮನೆಗೆ ಹೋಗಿ."

ಹೊರಗೆ ಬಂದು ಬಸ್ ಸ್ಟಾಪಿನಲ್ಲಿ ಮೂರು ಬಸ್ಸು ಬಿಟ್ಟು ಕೂತೆ. ಅವ್ವ ಮನೆಯ ಬಾಗಿಲಲ್ಲೇ ನಿಂತಿದ್ದಳು, ಬೆಳಿಗ್ಗೆಯಿಂದ ಏನೂ ತಿಂದಿಲ್ಲ ಎಂದು ಹೆಂಡತಿ ಸನ್ನೆ ಮಾಡಿದಳು.

"ಅಳಿಸಿದ್ರೇನು?"

ಹಾದಿಯುದ್ದಕ್ಕೂ ನಿಜ ಹೇಳಬೇಕೆಂದೇ ಬಂದಿದ್ದೆ.

"ಹೂಂ ಅವ್ವ. ಅಳಿಸಿದ್ರು."

"ಏನಂತ ಬರದ್ರು?"

"ರೋಗಿ ಒಂದು ಹೊತ್ತೂ ತಪ್ಪಿಸಿಲ್ಲ, ಅಂತ."

ಅವ್ವ ಸೆರಗಿನಿಂದ ಬಾಯಿ ಒರೆಸಿಕೊಂಡಳು. "ಇನ್ನೊಂದ್ಸಲ ಹೇಳು" ಎಂದಳು.

ಹೇಳಿದೆ.